ಬನಶಂಕರಿಯ ಬುಟ್ಟಿ ಊಟ

ಬಾದಾಮಿಗೆ ಹೋಗಿ ಬಂದವರು ಗುಹೆಗಳ ಫೋಟೊ ತೋರಿಸುತ್ತಾರೆ. ಮೂರನೇ ಗುಹೆಯಲ್ಲಿ ಮಂಗಳೇಶ ಹಾಕಿಸಿದ, ಕ್ರಿ.ಶ. 578ರ ಶಾಸನವಿದೆ ಎಂದು ಗೈಡ್ ಹೇಳಿದ್ದನ್ನು ಒಪ್ಪಿಸುತ್ತಾರೆ. ಊರಿನವರ ಜೊತೆ ಏನು ಮಾತಾಡಿದಿರಿ ಎಂದು ಕೇಳಿದರೆ ಆಟೊದವನೊಡನೆ ಮಾಡಿದ ಚೌಕಾಸಿ ಬಿಟ್ಟು ಬೇರೇನೂ ನೆನಪಾಗುವುದಿಲ್ಲ.

ಅಲ್ಲಿಗೆ ಹತ್ತಿರದಲ್ಲೇ ಬನಶಂಕರಿ. ಗುಡಿಯ ಹೊಂಡದ ಆಸುಪಾಸು ಸುತ್ತಲ ಹಳ್ಳಿಯ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಝುಣಕ, ಶೇಂಗಾ ಹಿಂಡಿ, ಕೆಂಪು ಚಟ್ನಿ. ಪಕ್ಕದಲ್ಲಿ ಕುಡಿಕೆಯ ಗಟ್ಟಿ ಮೊಸರು. ರೊಟ್ಟಿ ಬಡಿದವಳೇ ಎದುರು ಕೂತು ಬಡಿಸುತ್ತಾಳೆ. ಮಾತು ಹುಟ್ಟಲು ಇಷ್ಟು ಸಾಕು.

ಆದರೆ ನಾವು ಪತ್ರಕರ್ತರ ಹಾಗೆ ಪ್ರಶ್ನೆ ಹಾಕುತ್ತೇವೆ: ಇಲ್ಲಿ ಏನು ಸ್ಪೆಷಲ್, ದಿನಕ್ಕೆ ಎಷ್ಟು ವ್ಯಾಪಾರ. ನಾನು ಮಂಡ್ಯದ ಕಡೆಯವನು. ಪ್ರಶ್ನೆ ಕೇಳುವ ಬದಲು, ನಮ್ಮಲ್ಲಿ ರಾಗಿ ಮುದ್ದೆಯನ್ನು ಅಗಿಯದೆ ನುಂಗುತ್ತೇವೆ ಎಂದೆ. ಬಡಿಸುತ್ತಿದ್ದಾಕೆ ಕೈ ನಿಲ್ಲಿಸಿ, ‘ಅಗಿಯಂಗಿಲ್ಲಂದ್ರ ರುಚಿ ಹೆಂಗ ಗೊತ್ತಾಗತೈತ್ರಿ?’ ಎಂದಳು. ಪಕ್ಕದ ಬುಟ್ಟಿಯವಳೂ ನಕ್ಕಳು. ಆಮೇಲೆ ನಾನು ಏನನ್ನೂ ಕೇಳಬೇಕಾಗಲಿಲ್ಲ. ಹಿಂಗಾರಿ ಜೋಳ ಎರೆಮಣ್ಣಿನ ಹಸಿಯಲ್ಲೇ ಬೆಳೆಯುವುದು, ಕೊಯ್ಲಿನ ಹೊತ್ತಿಗೆ ಆಳು ಸಿಗದಿರುವುದು, ಸೊಸೆಗೆ ರೊಟ್ಟಿ ತೆಳ್ಳಗೆ ಬಡಿಯಲು ಬಾರದಿರುವುದು, ಎಲ್ಲವೂ ತಾನಾಗಿ ಬಂತು. (ಸೊಸೆಯ ವಾದ ಕೇಳಲು ಅವಕಾಶವಿರಲಿಲ್ಲ.) ಎರಡು ರೊಟ್ಟಿ ಸಾಕೆಂದವನಿಗೆ ಮೂರನೆಯದು ಬಿತ್ತು.

ಇಂಥ ಜಾಗಕ್ಕೆ ಒಂದು ಫುಡ್ ಕೋರ್ಟ್ ಕಟ್ಟಬಾರದೇ, ಸ್ವಚ್ಛವಾಗಿರುತ್ತದೆ ಎನ್ನುವ ಗೆಳೆಯರಿದ್ದಾರೆ. ಸ್ವಚ್ಛತೆಯ ಮಾತು ಸುಳ್ಳಲ್ಲ. ಅದಕ್ಕೆ ಕುಡಿಯುವ ನೀರಿನ ನಲ್ಲಿ, ಕೈ ತೊಳೆಯುವ ಜಾಗ, ಬಿಸಿಲಿಗೊಂದು ಚಪ್ಪರ, ಕಸದ ಡಬ್ಬಿ ಬೇಕು. ಆದರೆ ಮಳಿಗೆ ಕಟ್ಟಿ ಹರಾಜು ಹಾಕಿದರೆ ದೊಡ್ಡ ಬಾಡಿಗೆ ಕೊಡುವವನು ಬಂದು ಕೂರುತ್ತಾನೆ. ಬುಟ್ಟಿಯವಳು ಬಹಳವೆಂದರೆ ಅವನ ಅಡುಗೆಮನೆಯಲ್ಲಿ ಕೂಲಿಗೆ ಸೇರುತ್ತಾಳೆ, ಗೋಡೆಯ ಆಚೆಗೆ. ಜಾತ್ರೆಯ ಹೊತ್ತಿನ ಪಲ್ಯದ ಹಬ್ಬದಲ್ಲಿ 108 ಬಗೆಯ ಪಲ್ಯ ನೈವೇದ್ಯವಾಗುವ ಬನಶಂಕರಿಯ, ಅಂದರೆ ಶಾಕಂಬರಿಯ ಎದುರು ನಾವು ಗೋಬಿ ಮಂಚೂರಿಗೆ ಟೋಕನ್ ಹಿಡಿದು ನಿಲ್ಲಬೇಕಾಗುತ್ತದೆ.

ಹೋಗುವವರು ಹೋಟೆಲಿನಲ್ಲಿ ಹೊಟ್ಟೆ ತುಂಬಿಸಿಕೊಂಡು ಹೋಗಬೇಡಿ. ಜೇಬಿನಲ್ಲಿ ಚಿಲ್ಲರೆ ಇರಲಿ. ಮೊಬೈಲು ತೆಗೆಯುವ ಮೊದಲು ಉಣ್ಣಿ, ಆಮೇಲೆ ಕೇಳಿ ಫೋಟೊ ತೆಗೆಯಿರಿ, ಬೇಡವೆಂದರೆ ಬಿಡಿ. ರೊಟ್ಟಿಯ ಬೆಲೆಗೆ ಚೌಕಾಸಿ ಮಾತ್ರ ಮಾಡಬೇಡಿ.