ನಾಡಿನ ವ್ಯಾಸಂಗಕ್ಕೆ ತಕ್ಕ ಪರೀಕ್ಷೆ

ಹಂಪೆಯನ್ನು ಹೊರಗೆ ನೋಡಬೇಕು, ಉಜ್ಜಿನಿಯನ್ನು ಒಳಗೆ ನೋಡಬೇಕು ಎಂಬ ಮಾತು ನಮ್ಮ ಸೀಮೆಯಲ್ಲಿ ರೂಢವಾಗಿದೆ. ಉಜ್ಜಿನಿಯ ಮರುಳಸಿದ್ಧೇಶ್ವರನ ಗುಡಿಯ ಹೊರಗೋಡೆಯನ್ನಷ್ಟೇ ಕಂಡು ಹಿಂದಿರುಗಿದವನಿಗೆ ಒಳಗಿನ ಕೆತ್ತನೆಯ ಸೊಬಗು ತಿಳಿಯಲಾರದು. ಈ ಮಾತು ಗುಡಿಗೆ ಮಾತ್ರವಲ್ಲ, ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ನಾಡಿನ ಅಧ್ಯಯನವೆಂಬ ಹೆಸರಿನಿಂದ ನಡೆಯುವ ವ್ಯಾಸಂಗಕ್ಕೂ ಸಲ್ಲತಕ್ಕದ್ದಾಗಿದೆ. ನಾಡನ್ನು ಓದಿ ಪದವಿ ಪಡೆದ ತರುಣನು ಅದನ್ನು ಒಳಹೊಕ್ಕು ಕಂಡಿರುವನೋ, ಹೊರಗೋಡೆಯಿಂದಲೇ ಹಿಂದಿರುಗಿರುವನೋ ಎಂಬುದನ್ನು ಗೊತ್ತುಮಾಡುವ ಪರೀಕ್ಷೆಯು ನಮ್ಮಲ್ಲಿ ಎಷ್ಟರಮಟ್ಟಿಗೆ ಇದೆ? ಅಧಿಕಾರಸ್ಥರೂ ತಂದೆತಾಯಿಗಳೂ ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳಬೇಕಾದ ಕಾಲ ಬಂದಿದೆಯೆಂದು ನಾವು ಭಾವಿಸುತ್ತೇವೆ.

ಒಂದು ಕಾಲದಲ್ಲಿ ನಮ್ಮ ಸೀಮೆಯ ವಿವರವನ್ನು ಪರರು ಬರೆದು ನಾವು ಓದುತ್ತಿದ್ದೆವು. ಬಳ್ಳಾರಿ ಜಿಲ್ಲೆಯ ಕೈಪಿಡಿಯನ್ನು 1872ರಲ್ಲಿ ಕೆಲ್ಸಾಲ್ ಎಂಬ ಆಂಗ್ಲ ಅಧಿಕಾರಿಯೂ, ಗೆಜೆಟಿಯರನ್ನು 1904ರಲ್ಲಿ ಫ್ರಾನ್ಸಿಸ್ ಎಂಬವರೂ ರಚಿಸಿದರು. ಅವರ ಶ್ರಮವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಗ್ರಂಥಗಳು ಆಳುವವರ ಅನುಕೂಲಕ್ಕಾಗಿ ಹುಟ್ಟಿದವು. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದಲ್ಲಿ ಬೆಳೆದ ಪ್ರದೇಶ ಅಧ್ಯಯನಕ್ಕೆ 1958ರ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾನೂನಿನಿಂದ ಹಣ ಒದಗಿತೆಂಬುದನ್ನು ನೆನೆದರೆ, ಅಲ್ಲಿಯೂ ರಾಜ್ಯಕಾರ್ಯದ ಅಗತ್ಯವೇ ಮುಂದಿತ್ತೆಂಬುದು ವ್ಯಕ್ತವಾಗುತ್ತದೆ. ನಮ್ಮ ಉದ್ದೇಶವು ಬೇರೆ. 1939ರಲ್ಲಿ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯು ಆರಂಭವಾದುದೂ, 1991ರಲ್ಲಿ ಹಂಪೆಯ ಬಳಿ ಕನ್ನಡ ವಿಶ್ವವಿದ್ಯಾನಿಲಯವು ಸ್ಥಾಪಿತವಾದುದೂ ಕನ್ನಡಿಗರು ತಮ್ಮನ್ನು ತಾವೇ ಅರಿಯಬೇಕೆಂಬ ಹಂಬಲದಿಂದ. 2010ರಲ್ಲಿ ಬಳ್ಳಾರಿಯಲ್ಲಿಯೂ ವಿಶ್ವವಿದ್ಯಾನಿಲಯವು ಏರ್ಪಟ್ಟಮೇಲೆ ಉನ್ನತ ವ್ಯಾಸಂಗವು ನಮ್ಮ ತಾಲ್ಲೂಕುಗಳ ಮಕ್ಕಳಿಗೆ ಮತ್ತಷ್ಟು ಸಮೀಪವಾಯಿತು. ಆತ್ಮಜ್ಞಾನಕ್ಕಾಗಿ ಕಟ್ಟಿದ ವ್ಯಾಸಂಗದ ಫಲವನ್ನು ಕೇವಲ ಕಂಠಪಾಠದ ಪರೀಕ್ಷೆಯಿಂದ ಅಳೆಯುವುದು ಸರಿಯೆನಿಸದು.

ಕಲಿಕೆಯ ಫಲವನ್ನು ಅಳೆಯಬೇಕೆಂಬ ತತ್ತ್ವವು ಇಂದು ಎಲ್ಲೆಡೆ ಒಪ್ಪಿತವಾಗಿದೆ. 1994ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು ಕಾಲೇಜುಗಳನ್ನು ತೂಗುವಾಗ ಈ ಫಲಗಳನ್ನೂ ಕೇಳುತ್ತದೆ. ಅದರಂತೆ ಪಠ್ಯಕ್ರಮದಲ್ಲಿ, ಇದನ್ನು ಓದಿದ ವಿದ್ಯಾರ್ಥಿಯು ಇಂತಿಂತಹ ಕಾರ್ಯಕ್ಕೆ ಸಮರ್ಥನಾಗುವನೆಂಬ ಪಟ್ಟಿಯನ್ನು ಬರೆಯಲಾಗುತ್ತದೆ. ಪಟ್ಟಿ ಒಳ್ಳೆಯದೇ. ಆದರೆ ಆ ಸಾಮರ್ಥ್ಯವು ಬಂದಿತೆಂದು ತೋರಿಸುವ ಬಗೆ ಯಾವುದು? ಅನೇಕ ಕಡೆಗಳಲ್ಲಿ, ಇಷ್ಟು ಮಂದಿ ವಿದ್ಯಾರ್ಥಿಗಳು ಲಿಖಿತ ಪರೀಕ್ಷೆಯಲ್ಲಿ ಇಷ್ಟು ಅಂಕ ಪಡೆದರೆಂಬ ಲೆಕ್ಕದಿಂದಲೇ ಫಲವು ಸಿದ್ಧಿಸಿತೆಂದು ನಿರ್ಣಯಿಸಲಾಗುತ್ತದೆ. ಶಾಸನವನ್ನು ಓದಬಲ್ಲನೆಂಬುದು ಪಟ್ಟಿಯ ಮಾತು. ಶಾಸನಗಳ ಮಹತ್ವವನ್ನು ವಿವರಿಸಿರೆಂಬುದು ಪತ್ರಿಕೆಯ ಪ್ರಶ್ನೆ. ಒಂದು ಅಕ್ಷರವನ್ನೂ ಕಲ್ಲಿನ ಮೇಲೆ ಓದಲರಿಯದವನು ಈ ಪ್ರಶ್ನೆಗೆ ಪೂರ್ಣಾಂಕ ಪಡೆಯಬಲ್ಲನು. ನಮ್ಮ ರಾಜ್ಯವು 2021ರಲ್ಲಿ ಹೊಸ ಶಿಕ್ಷಣನೀತಿಯನ್ನು ಪದವಿ ತರಗತಿಗಳಿಗೆ ತಂದಿತು, 2024ರಲ್ಲಿ ಅದನ್ನು ಬಿಟ್ಟಿತು. ಪಠ್ಯಕ್ರಮವು ಎರಡು ಸಲ ಬದಲಾದರೂ ಪ್ರಶ್ನೆಪತ್ರಿಕೆಯ ಸ್ವಭಾವವು ಬದಲಾದಂತೆ ನಮಗೆ ಕಾಣುವುದಿಲ್ಲ.

ಹರಪನಹಳ್ಳಿಯ ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಬಳ್ಳಾರಿ ಜಿಲ್ಲೆಯ ಈ ತಾಲ್ಲೂಕು 1953ರ ವರೆಗೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಆ ವರ್ಷ ಮೈಸೂರಿಗೆ ಬಂದಿತು. 1997ರಲ್ಲಿ ದಾವಣಗೆರೆ ಜಿಲ್ಲೆಗೂ, 2018ರಲ್ಲಿ ಮರಳಿ ಬಳ್ಳಾರಿಗೂ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೂ ಸೇರಿತು. ಈ ಇಸವಿಗಳನ್ನು ಬಾಯಿಪಾಠ ಮಾಡಿದವನಿಗೆ ಅಂಕ ದೊರೆಯುತ್ತದೆ. ಆದರೆ ಒಂದೇ ತಾಲ್ಲೂಕಿನ ಕಾಗದಪತ್ರಗಳು ಎಷ್ಟು ಕಚೇರಿಗಳಲ್ಲಿ ಹಂಚಿಹೋಗಿರಬಹುದು, ಗಡಿ ಬದಲಾದಾಗ ರೈತನ ಕೋರ್ಟುಕಚೇರಿಯ ದಾರಿ ಹೇಗೆ ಬದಲಾಯಿತು, ಬದಲಾಗದೆ ಉಳಿದ ಸಂತೆ ಜಾತ್ರೆಗಳ ಸಂಬಂಧವೆಷ್ಟು ಎಂಬುದನ್ನು ಹುಡುಕಿ ಹೇಳಬಲ್ಲವನೇ ಆ ಸೀಮೆಯನ್ನು ಓದಿದವನು. ಇಂಥ ಶಕ್ತಿಯನ್ನು ಮೂರು ಗಂಟೆಯ ಬರವಣಿಗೆಯು ಹೊರಗೆಡಹಲಾರದು.

ಹಾಗಾದರೆ ಮಾಡತಕ್ಕದ್ದೇನು? ಪ್ರತಿಯೊಬ್ಬ ವಿದ್ಯಾರ್ಥಿಗೂ ತನ್ನ ಕಾಲೇಜಿಗೆ ಸಮೀಪದ ಒಂದು ವಿಷಯವನ್ನು ಒಪ್ಪಿಸಬೇಕು. ಅದು ಬಾಗಳಿಯ ಕಲ್ಲೇಶ್ವರ ಗುಡಿಯ ಒಂದು ಶಾಸನವಾಗಬಹುದು. ಉಜ್ಜಿನಿಯಲ್ಲಿ ಶಿಖರಕ್ಕೆ ಎಣ್ಣೆಯೆರೆಯುವ ಉತ್ಸವವಾಗಬಹುದು. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತೆಂದು ಸಾರಲಾದ ಅಂಕಸಮುದ್ರದ ಕೆರೆಯಾಗಬಹುದು. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವ ಕೂಡ್ಲಿಗಿಯ ಸಂಸಾರಗಳ ಸಂಗತಿಯಾಗಬಹುದು. ವಿದ್ಯಾರ್ಥಿಯು ಸ್ಥಳಕ್ಕೆ ಹೋಗಿ ದಿನಚರಿಯನ್ನು ಬರೆಯಲಿ. ಬೇರೆ ಬೇರೆ ಕಸುಬಿನವರನ್ನೂ, ಹೆಂಗಸರನ್ನೂ ಕೇಳಲಿ. ಕೇಳಿದ್ದನ್ನು ಬರಹದ ಆಧಾರಗಳೊಡನೆ ಹೋಲಿಸಲಿ.

ಇದನ್ನು ಅಳೆಯುವ ಮಟ್ಟಗಳನ್ನು ಮೊದಲೇ ಬರೆದು ಪ್ರಕಟಿಸಬೇಕು. ಕಂಡದ್ದನ್ನೂ ಕೇಳಿದ್ದನ್ನೂ ತಪ್ಪಿಲ್ಲದೆ ದಾಖಲಿಸುವುದು ಮೊದಲನೆಯ ಮಟ್ಟ. ಕಲ್ಲು ಹೇಳುವುದೇನು, ಐತಿಹ್ಯ ಹೇಳುವುದೇನು, ಪುಸ್ತಕ ಹೇಳುವುದೇನು ಎಂದು ವಿಂಗಡಿಸುವುದು ಎರಡನೆಯದು. ಇವು ಒಂದಕ್ಕೊಂದು ಒಪ್ಪದಿದ್ದಾಗ ಕಾರಣಸಹಿತವಾಗಿ ನಿರ್ಣಯಕ್ಕೆ ಬರುವುದು, ನಿರ್ಣಯ ಸಾಧ್ಯವಿಲ್ಲದಲ್ಲಿ ಹಾಗೆಂದು ಒಪ್ಪಿಕೊಳ್ಳುವುದು ಮೂರನೆಯದು. ಕೊನೆಗೆ ಮೌಖಿಕ ಪರೀಕ್ಷೆಯು ಆಯಾ ಗ್ರಾಮದಲ್ಲಿಯೇ, ಗ್ರಾಮಸ್ಥರ ಸಮ್ಮುಖದಲ್ಲಿ ನಡೆಯಲಿ. ಇದು ಹೊಸ ಕಲ್ಪನೆಯಲ್ಲ. ಅಮೆರಿಕದ ವಿದೇಶಾಂಗ ಸೇವೆಯ ತರಬೇತಿ ಸಂಸ್ಥೆಯು 1950ರ ದಶಕದಲ್ಲಿಯೇ, ಅಭ್ಯರ್ಥಿಯು ಪರಭಾಷೆಯನ್ನು ಬಲ್ಲನೇ ಎಂಬುದನ್ನು ಎದುರು ಕುಳಿತು ಸಂಭಾಷಿಸಿ, ಮೊದಲೇ ಗೊತ್ತುಮಾಡಿದ ಮಟ್ಟಗಳಿಂದ ಅಳೆಯುವ ಕ್ರಮವನ್ನು ರೂಪಿಸಿತು.

ಇದಕ್ಕೆ ಆಕ್ಷೇಪಗಳು ಬಾರದಿರವು. ಎಲ್ಲರಿಗೂ ಒಂದೇ ಪತ್ರಿಕೆ, ಹೆಸರು ಕಾಣದ ಉತ್ತರ, ಅಪರಿಚಿತ ಪರೀಕ್ಷಕ ಎಂಬ ಕ್ರಮವಿರುವುದರಿಂದಲೇ ಬಡವನ ಮಗನಿಗೆ ನ್ಯಾಯ ದೊರೆಯುತ್ತಿದೆ. ಅದನ್ನು ಸಡಿಲಿಸಿದರೆ ಮುಖ ನೋಡಿ ಮಣೆ ಹಾಕುವರೆಂದು ಕೆಲವರು ಹೇಳುವರು. ಈ ಆಕ್ಷೇಪದಲ್ಲಿ ಹುರುಳಿದೆ. ಆದುದರಿಂದಲೇ ಲಿಖಿತ ಪರೀಕ್ಷೆಯನ್ನು ಪೂರ್ತಿಯಾಗಿ ತೆಗೆಯಬೇಕೆಂದು ನಾವು ಹೇಳುವುದಿಲ್ಲ. ಅದು ಅರ್ಧ ಭಾಗವಾಗಿ ಉಳಿಯಲಿ. ಉಳಿದರ್ಧಕ್ಕೆ ಇಬ್ಬರು ಪರೀಕ್ಷಕರಿರಲಿ, ಅವರಲ್ಲಿ ಒಬ್ಬರು ಹೊರಗಿನವರಾಗಿರಲಿ. ದಿನಚರಿಗಳನ್ನು ಕಾಲೇಜಿನಲ್ಲಿ ಕಾಪಾಡಿ, ಕೆಲವನ್ನು ಮೂರನೆಯವರಿಂದ ಮರುಪರಿಶೀಲನೆ ಮಾಡಿಸಲಿ. ವೆಚ್ಚವು ಹೆಚ್ಚುವುದೆಂಬ ಮಾತೂ ನಿಜ. ಪ್ರಯಾಣದ ಖರ್ಚನ್ನು ವಿದ್ಯಾರ್ಥಿಯ ತಲೆಗೆ ಕಟ್ಟಿದರೆ ಈ ಪದ್ಧತಿಯು ಉಳ್ಳವರ ಸೊತ್ತಾದೀತು. ಅದನ್ನು ವಿಶ್ವವಿದ್ಯಾನಿಲಯವೇ ಭರಿಸತಕ್ಕದ್ದು.

ನಮ್ಮ ತಾಲ್ಲೂಕುಗಳ ವಿದ್ಯಾರ್ಥಿಗಳಲ್ಲಿ ಅನೇಕರು ತಮ್ಮ ಮನೆಯಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು. ಜೋಳದ ತಳಿ, ಕೆರೆಯ ತೂಬು, ಜಾತ್ರೆಯ ಬಾಬ್ತು ಇವುಗಳ ವಿಷಯದಲ್ಲಿ ಅವರಿಗಿರುವ ಅರಿವು ಎಷ್ಟೋ ಸಲ ಅಧ್ಯಾಪಕರಿಗೂ ಇರುವುದಿಲ್ಲ. ಇಂದಿನ ಪರೀಕ್ಷೆಯು ಆ ಅರಿವಿಗೆ ಬೆಲೆ ಕಟ್ಟದೆ, ಪರರ ಟಿಪ್ಪಣಿಯನ್ನು ಒಪ್ಪಿಸಿದವನನ್ನೇ ಮೇಲೇರಿಸುತ್ತದೆ. ಊರಿನ ಅರಿವನ್ನು ಪ್ರಶ್ನಿಸದೆ ನಂಬಬೇಕೆಂದು ನಾವು ಹೇಳುವುದಿಲ್ಲ. ಅದನ್ನು ಆಧಾರದ ಒರೆಗೆ ಹಚ್ಚುವ ಶಿಕ್ಷಣವೇ ವಿಶ್ವವಿದ್ಯಾನಿಲಯದ ಕೆಲಸ. ಆ ಶಿಕ್ಷಣವು ದೊರೆಯದೆ ಪದವಿಪತ್ರವನ್ನಷ್ಟೇ ಹಿಡಿದು ಹೊರಬಂದ ತರುಣನು ಕೆಲಸವನ್ನರಸಿ ಬಾಗಿಲು ಬಾಗಿಲು ಅಲೆದಾಗ, ತಪ್ಪು ಅವನದೆಂದು ಯಾರು ಹೇಳಬಲ್ಲರು?

ಅಧ್ಯಯನ ಮಂಡಲಿಗಳ ಸದಸ್ಯರು ಬರುವ ವರ್ಷಕ್ಕೆ ಒಂದೇ ವಿಷಯದಲ್ಲಿ, ಒಂದೇ ಕಾಲೇಜಿನಲ್ಲಿ ಈ ಕ್ರಮವನ್ನು ಪ್ರಯೋಗಿಸಿ ನೋಡಲಿ. ಅದರ ಗುಣದೋಷಗಳೆರಡನ್ನೂ ಸಾರ್ವಜನಿಕರ ಮುಂದಿಡಲಿ. ಗ್ರಾಮ ಪಂಚಾಯಿತಿಗಳೂ, ಕೊಟ್ಟೂರು ಹಡಗಲಿಗಳಂಥ ಊರುಗಳ ವಿದ್ಯಾವಂತ ನಾಗರಿಕರೂ ಇದಕ್ಕೆ ನೆರವಾಗಬೇಕೆಂದು ನಮ್ಮ ಪ್ರಾರ್ಥನೆ. ನಾಡನ್ನು ಬಲ್ಲೆನೆಂದು ಪದವಿ ಪಡೆಯುವವನು ನಾಡಿನವರ ಎದುರಿಗೆ ನಿಂತು ಉತ್ತರ ಹೇಳಲು ಅಂಜಬಾರದು. ಅವನನ್ನು ಹಾಗೆ ನಿಲ್ಲಿಸಲು ವಿಶ್ವವಿದ್ಯಾನಿಲಯವೂ ಅಂಜಬಾರದು.