ಯಾರ ಭೂಮಿಗೆ ಯಾರ ಸಹಿ?

ಕೆನಡಾದ ಆದಿವಾಸಿಗಳ ಹೋರಾಟಕ್ಕೂ ನಮ್ಮ ದೀನಿಗೂ ಏನು ಸಂಬಂಧವೆಂದು ಕೇಳುವ ವಿದ್ಯಾವಂತರು ನಮ್ಮಲ್ಲಿದ್ದಾರೆ. ಕಂಪೆನಿ ಒಪ್ಪಂದ ಮಾಡಿಕೊಂಡಿದೆ, ಕೋರ್ಟು ತಡೆಯಾಜ್ಞೆ ಕೊಟ್ಟಿದೆ, ಕೊಳವೆಯನ್ನು ಹೂತದ್ದೂ ಆಗಿದೆ, ಇನ್ನೇನು ಎಂಬುದು ಅವರ ವಾದ. ಫೆಲೆಸ್ತೀನಿನ ಆಲಿವ್ ತೋಟಗಳಿಗಾಗಿ ದುಆ ಮಾಡುವ ನಾಲಿಗೆಯಿಂದಲೇ ಈ ಮಾತು ಬರುವುದು ನನಗೆ ಸೋಜಿಗ.

ಬ್ರಿಟಿಷ್ ಕೊಲಂಬಿಯಾದಲ್ಲಿ ಸುಮಾರು 22,000 ಚದರ ಕಿಲೋಮೀಟರ್ ನೆಲ ವೆಟ್‌ಸುವೆಟೆನ್ ಜನರದು. ಅದನ್ನು ಅವರು ಯಾವ ಸಂಧಿಯಿಂದಲೂ ಯಾರಿಗೂ ಬಿಟ್ಟುಕೊಟ್ಟಿಲ್ಲ. 1997ರಲ್ಲಿ ಡೆಲ್ಗಮೂಕ್ ಪ್ರಕರಣದ ತೀರ್ಪಿತ್ತ ಕೆನಡಾದ ಸುಪ್ರೀಂ ಕೋರ್ಟು, ಮೂಲನಿವಾಸಿಗಳ ಭೂಹಕ್ಕನ್ನು ಪ್ರಾಂತೀಯ ಸರಕಾರವು ಅಳಿಸಲಾರದೆಂದಿತು. ಬಾಯಿಂದ ಬಾಯಿಗೆ ಬಂದ ಇತಿಹಾಸವನ್ನೂ ಸಾಕ್ಷ್ಯವಾಗಿ ತೂಗಬೇಕೆಂದಿತು. (ಸನದಿನ ಬೆಲೆ ಬಲ್ಲ ಸಮುದಾಯಕ್ಕೆ ಇದನ್ನು ವಿವರಿಸಬೇಕಿಲ್ಲ.) ಆ ನೆಲವನ್ನು ಹಾದು ಕಿಟಿಮಾಟ್ ಬಂದರಿಗೆ ಹೋಗುವುದೇ 670 ಕಿಲೋಮೀಟರ್ ಉದ್ದದ ಕೋಸ್ಟಲ್ ಗ್ಯಾಸ್‌ಲಿಂಕ್ ಅನಿಲ ಕೊಳವೆ.

ಒಪ್ಪಂದದ ಮಾತಿಗೆ ಬರೋಣ. ಕಂಪೆನಿಯು ದಾರಿಯುದ್ದಕ್ಕೂ 20 ಚುನಾಯಿತ ಮಂಡಳಿಗಳ ಸಹಿ ಪಡೆದದ್ದು ನಿಜ. ಬಡತನದಲ್ಲಿ ಉದ್ಯೋಗಕ್ಕಾಗಿ ಸಹಿ ಹಾಕಿದವರನ್ನು ನಾನು ದೂಷಿಸಲಾರೆ. ಆದರೆ ಆ ಮಂಡಳಿಗಳು ವಸಾಹತು ಕಾಲದ ಇಂಡಿಯನ್ ಕಾಯ್ದೆಯ ಸೃಷ್ಟಿ. ಅವುಗಳ ಅಧಿಕಾರ ಮೀಸಲು ತುಂಡುಭೂಮಿಗಷ್ಟೇ ಸೀಮಿತ. ವಿಶಾಲ ಪ್ರದೇಶದ ಹೊಣೆ ಐದು ಕುಲಗಳ ವಂಶಪಾರಂಪರ್ಯ ಮುಖಂಡರದು, ಅವರು ಒಪ್ಪಲಿಲ್ಲ. ತನ್ನದಲ್ಲದ ಸೊತ್ತನ್ನು ಅಧಿಕಾರವಿಲ್ಲದೆ ಮಾರುವವನನ್ನು ನಮ್ಮ ಫಿಕ್ಹ್ ಫುಳೂಲಿ ಎಂದು ಕರೆಯುತ್ತದೆ. ಹನಫಿಗಳಲ್ಲಿ ಅಂಥ ವ್ಯಾಪಾರವು ಒಡೆಯನ ಸಮ್ಮತಿ ಸಿಗುವವರೆಗೆ ತೂಗಾಡುತ್ತದೆ. ಶಾಫಿಈಗಳಲ್ಲಿ ಮೊದಲಿಗೇ ಅಸಿಂಧು. ಮದ್ರಸದ ಹುಡುಗನೂ ಬಲ್ಲ ಈ ಮಸ್‌ಅಲ ಕೊಳವೆಯೆದುರು ಮರೆತುಹೋಗುವುದೇಕೆ? ಇನ್ನು ತಡೆಯಾಜ್ಞೆ: ಅದು ಭೂಮಿ ಯಾರದೆಂಬುದನ್ನು ತೀರ್ಮಾನಿಸಲೇ ಇಲ್ಲ.

ಅನ್ಯರ ಮನೆಯೊಳಗೆ ಕಾಲಿಡುವ ಮುನ್ನ ಅನುಮತಿ ಕೇಳಬೇಕೆಂಬುದು ಕುರ್‌ಆನಿನ ಆದೇಶ. ಉನಿಸ್ಟಾಟೆನ್ ಶಿಬಿರದವರು ಸೇತುವೆಯ ಬಳಿ ಬಂದವರನ್ನು ಕೇಳುತ್ತಿದ್ದದ್ದೂ ಅದನ್ನೇ: ನೀವು ಯಾರು, ಏಕೆ ಬಂದಿರಿ? ಉತ್ತರವಾಗಿ 2019ರಲ್ಲೂ 2020ರಲ್ಲೂ ಸಶಸ್ತ್ರ ಪೊಲೀಸರು ಆ ನೆಲಕ್ಕೆ ನುಗ್ಗಿದರು. 2020ರ ಮೇ ತಿಂಗಳಲ್ಲಿ ಕೆನಡಾ ಮತ್ತು ಪ್ರಾಂತೀಯ ಸರಕಾರಗಳು ಆ ಭೂಹಕ್ಕು ವೆಟ್‌ಸುವೆಟೆನ್ ಮನೆತನಗಳದ್ದೇ ಎಂದು ಬರೆದು ಒಪ್ಪಿಕೊಂಡವು. ಮರುವರ್ಷ ನವೆಂಬರಿನಲ್ಲಿ ಅದೇ ನೆಲದ ಪುಟ್ಟ ಮನೆಯೊಂದರ ಬಾಗಿಲನ್ನು ಪೊಲೀಸರು ಕೊಡಲಿಯಿಂದಲೂ ಗರಗಸದಿಂದಲೂ ಸೀಳಿದರು. ಒಡೆಯನೆಂದು ಒಪ್ಪಿ, ಬಳಿಕ ಅವನ ಕದ ಮುರಿಯುವುದಕ್ಕೆ ಘಸಬ್ ಎನ್ನದೆ ಬೇರೇನೆನ್ನಬೇಕು?

ಮಸ್ಜಿದುನ್ನಬವಿ ಎದ್ದದ್ದು ಸಹ್ಲ್ ಮತ್ತು ಸುಹೈಲ್ ಎಂಬ ಇಬ್ಬರು ಅನಾಥ ಬಾಲಕರ ಖರ್ಜೂರದ ಕಣದಲ್ಲಿ. ಅವರು ಉಚಿತವಾಗಿಯೇ ಕೊಡಲು ಬಂದರೂ ಪ್ರವಾದಿವರ್ಯರು(ಸ) ಬೆಲೆ ತೆತ್ತೇ ಪಡೆದರು. ಅಲ್ಲಾಹನ ಭವನಕ್ಕೇ ಇಲ್ಲದ ವಿನಾಯಿತಿ ಅನಿಲ ವ್ಯಾಪಾರಕ್ಕೆ ಹೇಗೆ ಬಂತು?

ಅವರು ಮುಸ್ಲಿಮರಲ್ಲವಲ್ಲ ಎಂಬ ಕೊನೆಯ ಆಕ್ಷೇಪವೂ ಉಂಟು. ಹಿಲ್ಫುಲ್ ಫುಳೂಲ್ ಪ್ರತಿಜ್ಞೆಯನ್ನು ನೆನಪಿಸಿಕೊಳ್ಳಿ. ವಂಚಿತನಾದವನು ಯಮನಿನ ಪರದೇಶಿ ವರ್ತಕ, ಪ್ರತಿಜ್ಞೆ ಮಾಡಿದವರು ಜಾಹಿಲಿಯ್ಯಾ ಕಾಲದ ಮಕ್ಕದವರು. ಆದರೂ ಅಂಥ ಕರೆ ಇಸ್ಲಾಮಿನಲ್ಲಿ ಬಂದರೂ ಓಗೊಡುವೆನೆಂದರು ನಮ್ಮ ಪ್ರವಾದಿ(ಸ).

2025ರಲ್ಲಿ ಅನಿಲ ತುಂಬಿದ ಮೊದಲ ಹಡಗು ಕಿಟಿಮಾಟಿನಿಂದ ಏಷ್ಯಾದತ್ತ ಹೊರಟಿತು. ಕೆನಡಾದಲ್ಲಿ ನೆಲೆಸಿರುವ ನಮ್ಮ ಮಕ್ಕಳು ಅಲ್ಲಿನ ಮಸೀದಿಗಳಲ್ಲಿ ಈ ವಿಷಯವನ್ನೆತ್ತಲಿ. ತಮ್ಮ ಸಂಸತ್ ಸದಸ್ಯರನ್ನು 2020ರ ಒಪ್ಪಿಗೆಪತ್ರದ ಬಗ್ಗೆ ಕೇಳಲಿ.