ಊರಿಗೆ ಸಿಕ್ಕ ಮಾನ್ಯತೆ ಕರ್ಮಿಯ ಕೈ ಸೇರಲಿ

ಗಂಗಾವತಿ ತಾಲ್ಲೂಕಿನ ಶ್ರೀರಾಮನಗರ ಭತ್ತದಿಂದ ಬೆಳೆದ ಊರು. ತುಂಗಭದ್ರೆಯ ಕಾಲುವೆ ನೀರು, ಅಕ್ಕಿ ಗಿರಣಿಗಳು ಇಲ್ಲಿಗೆ ಸಂಪತ್ತು ತಂದಿವೆ. ಇದೇ ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳು ತಲೆಮಾರುಗಳಿಂದ ಮರಕ್ಕೆ ರೂಪ ಕೊಡುತ್ತ ಬಂದಿವೆ. ಭತ್ತದ ಬೆಲೆ ಕುಸಿದರೆ ಜಿಲ್ಲೆಯಲ್ಲಿ ಪ್ರತಿಭಟನೆಯಾಗುತ್ತದೆ. ಕರಕುಶಲಿಯ ಕೂಲಿ ಕುಸಿದರೆ ಕೇಳುವವರಿಲ್ಲ.

ಕಿನ್ನಾಳದ ಕೆಲಸ ಸುಲಭದ್ದಲ್ಲ. ಹಗುರವಾದ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟಿನಲ್ಲಿ ಕಲಸಿದ ಮರದ ಹೊಟ್ಟಿನಿಂದ ಸಂದುಗಳನ್ನು ಮುಚ್ಚಿ, ಮೇಲೆ ಲೇಪ ಹಚ್ಚಿ ಬಣ್ಣ ತುಂಬಬೇಕು. ದೇವರ ಮೂರ್ತಿ, ವಾಹನ, ತೊಟ್ಟಿಲು, ಗೊಂಬೆಗಳೆಲ್ಲ ಹೀಗೆಯೇ ರೂಪುಗೊಳ್ಳುತ್ತವೆ. ಇದಕ್ಕೆ ಭೌಗೋಳಿಕ ಸೂಚಿ ಮಾನ್ಯತೆ ದೊರೆತಿದೆ. ಬೀಟೆ ಮರದಲ್ಲಿ ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಕೂರಿಸಿ ಚಿತ್ರ ಬಿಡಿಸುವ ಮೈಸೂರು ಕುಸುರಿಗೂ ಈ ಮಾನ್ಯತೆಯುಂಟು. ಆದರೆ ಮಾನ್ಯತೆ ಕಾಪಾಡುವುದು ಊರಿನ ಹೆಸರನ್ನು. ವಸ್ತುವನ್ನು ಮಾಡಿದವನ ಹೆಸರು ಅದರ ಮೇಲೆ ಎಲ್ಲಿಯೂ ಕಾಣುವುದಿಲ್ಲ.

ಈ ವಿಷಯದಲ್ಲಿ ಫ್ರಾನ್ಸಿನ ಅನುಭವ ಗಮನಾರ್ಹ. ತೆಳುವಾದ ಮರದ ಹಾಳೆಗಳನ್ನು ಕತ್ತರಿಸಿ ಪೀಠೋಪಕರಣದ ಮೈಮೇಲೆ ಚಿತ್ರವಾಗಿ ಅಂಟಿಸುವ ಮಾರ್ಕೆಟ್ರಿ ಕಲೆ ಅಲ್ಲಿ ಉತ್ತುಂಗಕ್ಕೇರಿತು. 14ನೇ ಲೂಯಿಯ ಕಾಲದ ಆಂದ್ರೆ ಷಾರ್ಲ್ ಬೂಲ್ (1642–1732) ಹಿತ್ತಾಳೆ ಮತ್ತು ಆಮೆಚಿಪ್ಪನ್ನು ಜೋಡಿಸಿ ಹೆಸರಾದ. 1743ರಲ್ಲಿ ರಚಿತವಾಗಿ 1751ರಲ್ಲಿ ಊರ್ಜಿತಗೊಂಡ ನಿಯಮದಂತೆ ಪ್ಯಾರಿಸ್‌ನ ಬಡಗಿ ಸಂಘದ ಯಜಮಾನರು ತಮ್ಮ ಹೆಸರಿನ ಮುದ್ರೆಯನ್ನು ವಸ್ತುವಿನ ಮೇಲೆ ಒತ್ತಬೇಕಾಯಿತು. ಎರಡೂವರೆ ಶತಮಾನದ ನಂತರವೂ ಹರಾಜಿನಲ್ಲಿ ಬೆಲೆ ಕಟ್ಟುವವರು ಹುಡುಕುವುದು ಆ ಮುದ್ರೆಯನ್ನೇ. ಬೂಲ್‌ನ ಹೆಸರು ಹೊತ್ತು 1886ರಲ್ಲಿ ಆರಂಭವಾದ ಪ್ಯಾರಿಸ್‌ನ ಶಾಲೆ ಇಂದಿಗೂ ಈ ವಿದ್ಯೆಯನ್ನು ಕಲಿಸುತ್ತಿದೆ.

ನಮ್ಮ ಕಾನೂನಿನಲ್ಲೂ ದಾರಿಯಿದೆ. 1999ರ ಭೌಗೋಳಿಕ ಸೂಚಿ ಕಾಯ್ದೆಯಡಿ ಪ್ರತಿ ಕರಕುಶಲಿಯೂ 'ಅಧಿಕೃತ ಬಳಕೆದಾರ'ನಾಗಿ ನೋಂದಣಿ ಮಾಡಿಸಿಕೊಳ್ಳಬಹುದು. ಇದು ಕೇವಲ ಕಾಗದದ ಗೌರವವಲ್ಲ. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದಾಗ ಕೇಂದ್ರ ಸರ್ಕಾರ ನೀಡಿದ ವಿನಾಯಿತಿ, ಸೂಚಿಯ ನೋಂದಾಯಿತ ಒಡೆಯರು, ಅಧಿಕೃತ ಬಳಕೆದಾರರು ಹಾಗೂ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳಿಗೆ ಅನ್ವಯಿಸುವಂಥದ್ದು. ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಊರಿನ ಕೀರ್ತಿ ಆಸರೆಯಾಗದು. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆ ಬಡಗಿಗಳನ್ನೂ ಗೊಂಬೆ ತಯಾರಕರನ್ನೂ ಒಳಗೊಂಡ 18 ಕಸುಬುಗಳಿಗೆ ಗುರುತಿನ ಚೀಟಿ ಮತ್ತು ಸಾಲ ಕೊಡುತ್ತದೆ. ಇದಕ್ಕೂ ನೋಂದಣಿಯೇ ಬಾಗಿಲು.

ಹೆಸರಿನಷ್ಟೇ ಮುಖ್ಯವಾದುದು ಮರ. ಮೈಸೂರು ಅರಮನೆಯ ಅಂಬಾವಿಲಾಸದ ಬೀಟೆ ಬಾಗಿಲಲ್ಲಿ ದಂತದ ಕುಸುರಿಯಿದೆ. ದಂತದ ವ್ಯಾಪಾರ ನಿಷೇಧಗೊಂಡ ಮೇಲೆ ಕುಶಲಕರ್ಮಿಗಳು ಬಣ್ಣದ ಮರ, ಪ್ಲಾಸ್ಟಿಕ್‌ಗಳತ್ತ ತಿರುಗಿದರು. 2017ರ ಜನವರಿಯಲ್ಲಿ ಬೀಟೆಯ ಇಡೀ ಕುಲ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೇ ಅನುಬಂಧ ಸೇರಿ, ರಫ್ತಿಗೆ ಅನುಮತಿ ಪತ್ರ ಅಗತ್ಯವಾಯಿತು. ಕಾಡು ಉಳಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ನಿರ್ಬಂಧದ ಭಾರ ಹೊರುವವನು ಚಿಕ್ಕ ಕರಕುಶಲಿಯಾದರೆ, ಬದಲಿ ಮರ ಬೆಳೆಸಿಕೊಡುವ ಹೊಣೆಯನ್ನು ಯಾರಾದರೂ ಹೊರಲೇಬೇಕು.

ಕೊಪ್ಪಳದಲ್ಲಿ ಆಗಬೇಕಾದುದು ದೊಡ್ಡ ಪವಾಡವೇನಲ್ಲ. ಕಿನ್ನಾಳದ ಪ್ರತಿ ಕರಕುಶಲಿಯ ಮನೆಬಾಗಿಲಲ್ಲೇ ನೋಂದಣಿ ನಡೆಯಲಿ. ಪ್ರತಿ ವಸ್ತುವಿನ ಮೇಲೆ ಊರಿನ ಜತೆಗೆ ಮಾಡಿದವನ ಹೆಸರೂ ಇರಲಿ. ಕೆತ್ತನೆಗೆ ಒಗ್ಗುವ ಮರವನ್ನು ಜಿಲ್ಲೆಯಲ್ಲೇ ಬೆಳೆಸಲಿ. ಶ್ರೀರಾಮನಗರದಂತಹ ಊರುಗಳ ಹೊಸ ಮನೆಗಳಿಂದ ಬೇಡಿಕೆ ಹುಟ್ಟಿದರೆ ಮಾರುಕಟ್ಟೆಯನ್ನು ದೂರದಲ್ಲಿ ಅರಸಬೇಕಿಲ್ಲ. ದುಡಿಮೆಗೆ ಹೆಸರೂ ಬೆಲೆಯೂ ಸಿಗದಿದ್ದರೆ ಮುಂದಿನ ತಲೆಮಾರು ಉಳಿ ಹಿಡಿಯುವುದಿಲ್ಲ. ಆಗ ಮಾನ್ಯತಾ ಪತ್ರವಷ್ಟೇ ಗೋಡೆಯ ಮೇಲೆ ಉಳಿದೀತು.